ನಾನು ಹೇಳಿದ ಅರ್ಧ ಬೆಲೆ

ಹೋದ ತಿಂಗಳು ಮೊಳಕಾಲ್ಮೂರಿನ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲಿ ಫೋನಿಗೆ ಗಾಜು ಹಾಕಿಸಲು ಕೂತಿದ್ದೆ. ಅಂಗಡಿಯವನು ಒಳಗಿನ ಅಂಟು ತೆಗೆಯಲು ಪುಟ್ಟ ಬಾಟಲಿಯೊಂದರ ಮುಚ್ಚಳ ತೆರೆದು, ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಅದರೊಳಗೆ ಅದ್ದಿದ. ಪೆಟ್ರೋಲಿನ ವಾಸನೆ. ರಸ್ತೆಯಲ್ಲಿ ಬರುವಂಥದ್ದಲ್ಲ, ಲೋಹದ ಮೇಲೆ ಕೂತ ಹಳೆಯ ಎಣ್ಣೆಯೊಂದಿಗೆ ಬೆರೆತು ಮೂಗಿಗೆ ತಣ್ಣಗೆ ತಾಗುವ ವಾಸನೆ... ಎಷ್ಟೋ ಸಂಜೆ ನಾನು ಆ ವಾಸನೆಯ ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದೇನೆ. ಆಗ ಅದರಲ್ಲಿ ಒಂದು ನೆಮ್ಮದಿಯಿತ್ತು. ಈಗ ಅದು ಮೂಗಿಗೆ ಬಿದ್ದ ಕೂಡಲೇ ಎದ್ದು ಬಾಗಿಲ ಹೊರಗೆ ಹೋಗಿ ನಿಂತೆ.

ಚಳ್ಳಕೆರೆಯಲ್ಲಿ ವಾಚು ರಿಪೇರಿ ಮಾಡುತ್ತಿದ್ದ ಅವರನ್ನು ಸಣ್ಣವರೂ ದೊಡ್ಡವರೂ ವಾಚಿನಣ್ಣ ಎಂದೇ ಕರೆಯುತ್ತಿದ್ದರು. ಎಣ್ಣೆ ಮಿಲ್ಲುಗಳ ಕಡೆ ಹೋಗುವ ರಸ್ತೆಯಲ್ಲಿ, ಗೊಬ್ಬರದ ಅಂಗಡಿಗೂ ಒಂದು ಚಹಾ ಹೋಟೆಲಿಗೂ ನಡುವಿನ ಸಂದಿಯೇ ಅವರ ಅಂಗಡಿ. ಒಬ್ಬರು ಕೂತು ಕೆಲಸ ಮಾಡುವಷ್ಟು, ಇನ್ನೊಬ್ಬರು ಕೂತು ನೋಡುವಷ್ಟು ಜಾಗ. ಅವರ ಅಪ್ಪ ಕುದಾಪುರದ ಕಾವಲಿನ ಹುಲ್ಲುಬಯಲಿನಲ್ಲಿ ಕುರಿ ಕಾಯುತ್ತಿದ್ದವರು. ಮಗನಿಗೆ ಹುಟ್ಟಿನಿಂದಲೇ ಒಂದು ಕಾಲು ಸಣ್ಣದು. ಕುರಿಯ ಹಿಂದೆ ಓಡುವುದು ಇವನಿಂದಾಗದು ಎಂದು ಬಳ್ಳಾರಿಯ ಒಬ್ಬ ಉಸ್ತಾದರ ಹತ್ತಿರ ವಾಚ್ ಕೆಲಸಕ್ಕೆ ಬಿಟ್ಟು ಬಂದರಂತೆ. ಉಸ್ತಾದರಿಂದ ಅವರು ಕಲಿತದ್ದರಲ್ಲಿ ಒಂದು ಪದ್ಧತಿ ನನಗೆ ಬಹಳ ಇಷ್ಟವಾಗಿತ್ತು. ವಾಚಿನಿಂದ ಬಿಚ್ಚಿ ತೆಗೆದ ಕೆಟ್ಟ ಚಕ್ರ, ಸವೆದ ಮೊಳೆ, ಏನೇ ಇರಲಿ, ಕಾಗದದಲ್ಲಿ ಮಡಚಿ ವಾಚಿನ ಜೊತೆ ವಾಪಸು ಕೊಡುತ್ತಿದ್ದರು. ಜನ ಅದನ್ನು ಅಂಗಡಿಯ ಮೆಟ್ಟಿಲ ಹತ್ತಿರವೇ ಎಸೆದು ಹೋಗುತ್ತಿದ್ದರು. ಅವರು ಕೊಡುವುದನ್ನು ಬಿಟ್ಟಿರಲಿಲ್ಲ.

ನಾನು ಮೊಳಕಾಲ್ಮೂರಿನವನು. ಮನೆಯಲ್ಲಿ ಮಗ್ಗ, ಅವ್ವ ಈಗಲೂ ನೇಯುತ್ತಾಳೆ. ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ದಿನವೂ ಬಸ್ಸಿನಲ್ಲಿ ಓಡಾಟ. ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇರುತ್ತಿತ್ತು. ಒಮ್ಮೆ ಸೆಲ್ ಹಾಕಿಸಲು ಹೋದವನು ಅಲ್ಲಿಯೇ ಕೂತೆ. ಆಮೇಲೆ ಅದೇ ರೂಢಿಯಾಯಿತು. ಅವರು ಹೆಚ್ಚು ಮಾತಾಡುವವರಲ್ಲ. ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬಗ್ಗಿದರೆ, ಚಹಾ ಆರಿ ಕೆನೆ ಕಟ್ಟಿದರೂ ತಲೆ ಎತ್ತುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ. ಸಂಜೆ ಹೆಂಡತಿ ಬಂದು ಊಟದ ಡಬ್ಬಿ ತೆಗೆದುಕೊಂಡು ಹೋಗುವಾಗ ನನ್ನನ್ನೂ ಮಾತಾಡಿಸಿ ಹೋಗುತ್ತಿದ್ದರು.

ಕೊರೊನಾದಲ್ಲಿ ಶಾಲೆ ಮುಚ್ಚಿದ ಕಾಲಕ್ಕೆ ನನಗೆ ಈ ಹುಚ್ಚು ಹತ್ತಿತು. ಒಬ್ಬರು ಬಳಸಿದ ಸ್ವಿಸ್ ವಾಚುಗಳನ್ನು ಕೊಡುವ, ಕೊಳ್ಳುವ ಗುಂಪುಗಳು ಫೋನಿನಲ್ಲಿದ್ದವು. ಹೊಸ ವಾಚು ಬೇಕೆಂದರೆ ಕಂಪನಿಯವರು ವರ್ಷಗಟ್ಟಲೆ ಕಾಯಿಸುತ್ತಾರೆ, ಅದಕ್ಕೇ ಹಳೆಯದಕ್ಕೆ ಹೊಸದಕ್ಕಿಂತ ಹೆಚ್ಚು ಬೆಲೆ ಎಂದು ಅಲ್ಲಿ ತಿಳಿಯಿತು. ಎರಡು ತಿಂಗಳ ಹಿಂದೆ ಒಂದು ಲಕ್ಷವಿದ್ದದ್ದು ಈಗ ಒಂದೂ ಮುಕ್ಕಾಲು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಫೋನು ನೋಡುತ್ತಿದ್ದೆ. ಇವತ್ತು ಕೊಳ್ಳದಿದ್ದರೆ ಇನ್ನು ಎಂದೂ ಕೊಳ್ಳಲಾಗುವುದಿಲ್ಲ ಎಂಬ ಹೆದರಿಕೆ. ಕೊಂಡ ಮರುದಿನವೇ ಇಳಿದರೆ ಎಂಬ ಇನ್ನೊಂದು ಹೆದರಿಕೆ. ಕೊನೆಗೆ ಮೊದಲನೆಯದೇ ಗೆದ್ದಿತು. ಮನೆಗೆ ಮಹಡಿ ಕಟ್ಟಿಸಲೆಂದು ಕೂಡಿಟ್ಟದ್ದರಲ್ಲಿ ತೊಂಬತ್ತು ಸಾವಿರ ತೆಗೆದು, ಮುಖ ಕಾಣದ ಯಾರಿಗೋ ಕಳಿಸಿ, ಕೊರಿಯರಿನಲ್ಲಿ ವಾಚು ತರಿಸಿಕೊಂಡೆ. ಥಳಥಳ ಹೊಳೆಯುತ್ತಿತ್ತು.

ವಾಚಿನಣ್ಣ ಅದರ ಬೆನ್ನು ಬಿಚ್ಚಿ ಬಹಳ ಹೊತ್ತು ನೋಡಿದರು.

"ಮುಖ ನೋಡಿ ತಗಂಡೀರಿ ಮೇಷ್ಟ್ರೇ," ಎಂದರು. "ಒಳಗೆ ಬ್ಯಾರೆಯವ್ರು ಅದಾರೆ."

ಯಂತ್ರ ಬೇರೆ ಕಂಪನಿಯದು. ಮುಖಕ್ಕೆ ಹೊಸ ಬಣ್ಣ. ಗೀರು ಹೋಗಲೆಂದು ಅಂಚನ್ನು ಉಜ್ಜಿ ಉಜ್ಜಿ ಸಣ್ಣ ಮಾಡಿದ್ದರು. ನನ್ನ ಮುಖ ನೋಡಿ ಅವರಿಗೆ ಪಾಪ ಅನಿಸಿರಬೇಕು. ಅಂದಿನಿಂದ ಒಂದೊಂದಾಗಿ ಹೇಳಿಕೊಟ್ಟರು. ಹೊಳೆಯುವುದನ್ನು ನಂಬಬೇಡಿ, ಸಮನಾಗಿ ಸವೆದದ್ದನ್ನು ನಂಬಿ. ಕೈಯಿಂದ ಕೈಗೆ ಬಂದ ಕಾಗದ ಕೇಳಿ. ಒಳಗೆ ಯಾರು ಯಾರು ರಿಪೇರಿ ಮಾಡಿದ್ದಾರೆ ನೋಡಿ, ಒಳ್ಳೆಯ ಕೆಲಸದವನು ಬೆನ್ನಿನ ಒಳಮೈಯಲ್ಲಿ ಸಣ್ಣ ಗುರುತು ಕೆತ್ತಿರುತ್ತಾನೆ. ಆಮೇಲಿನ ಎರಡು ವರ್ಷದಲ್ಲಿ ನಾನು ನಾಲ್ಕು ವಾಚು ಕೊಂಡು ಮಾರಿ, ಕಳೆದುಕೊಂಡದ್ದನ್ನು ಹಿಂದೆ ಪಡೆದೆನೆಂದರೆ ಅದು ಅವರ ಕಣ್ಣಿನಿಂದ. ಅದಕ್ಕೆ ಪ್ರತಿಯಾಗಿ ಅವರು ನನ್ನಿಂದ ಚಹಾ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ಅವರ ಕೈಯಲ್ಲೇ ಒಂದು ವಾಚಿತ್ತು. ಸ್ಟೀಲಿನದು, ಕಪ್ಪು ಮುಖ, ಅಂಕಿಗಳ ಜಾಗದಲ್ಲಿ ಹಳದಿಗೆ ತಿರುಗಿದ ಚುಕ್ಕೆಗಳು. ನಾನು ಕಂಡಾಗಿನಿಂದಲೂ ಅದು ಅಲ್ಲಿಯೇ ಇತ್ತು. ಅದಕ್ಕೇ ಇರಬೇಕು, ನೋಡಿಯೇ ಇರಲಿಲ್ಲ. ಒಂದು ಸಂಜೆ ಬಸ್ಸಿನಲ್ಲಿ ಕೂತು ಫೋನು ಉಜ್ಜುತ್ತಿದ್ದಾಗ ಅದೇ ಕಪ್ಪು ಮುಖ, ಅದೇ ಹಳದಿ ಚುಕ್ಕೆ. ದುಬೈನ ಯಾರೋ ಮಾರಾಟಕ್ಕೆ ಇಟ್ಟಿದ್ದರು. ಬೆಲೆ ನಮ್ಮ ಲೆಕ್ಕದಲ್ಲಿ ಎಂಟು ಲಕ್ಷದ ಹತ್ತಿರ.

ಮರುದಿನ ಸುಮ್ಮನೆ ಕೇಳಿದಂತೆ ಕೇಳಿ ಅವರ ವಾಚನ್ನು ಕೈಗೆ ತೆಗೆದುಕೊಂಡು ನೋಡಿದೆ. ಮಾಡೆಲ್ ಸಂಖ್ಯೆ ಫೋನಿನಲ್ಲಿ ಕಂಡದ್ದಕ್ಕೆ ಹೊಂದುತ್ತಿತ್ತು. ಉಜ್ಜಿರಲಿಲ್ಲ, ಬಣ್ಣ ಹಚ್ಚಿರಲಿಲ್ಲ. ಅವರು ಹೇಳಿಕೊಟ್ಟ ಕಣ್ಣಿನಲ್ಲೇ ನೋಡಿದೆ. ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡು ಬೇಗ ವಾಪಸು ಕೊಟ್ಟೆ. ಮೂರು ವಾರ ಏನೂ ಹೇಳಲಿಲ್ಲ. ಆ ಮೂರು ವಾರದಲ್ಲಿ ಬೆಲೆ ಇನ್ನೂ ಏರಿತು. ಕೊನೆಗೆ ಒಂದು ದಿನ, ಹೋಟೆಲಿನವನು ಚಹಾ ಇಟ್ಟು ಹೋದ ಮೇಲೆ, "ಅಣ್ಣ, ನಿಮ್ಮ ಕೈಯಾಗಿಂದು ಈಗ ಬೆಲೆಬಾಳೋ ವಾಚು. ನಾಲ್ಕು ಲಕ್ಷ ಆಗ್ತೈತೆ. ಕೊಡೋದಾದ್ರೆ ನಾನೇ ತಗೊಳ್ತೀನಿ," ಎಂದೆ.

ನಾಲ್ಕು ಎಂದದ್ದು ಯಾಕೆ? ಮಗ್ಗದ ಮೇಲೆ ಸಾಲ ತೆಗೆದರೆ ನನ್ನಿಂದ ಹೊಂದಿಸಲಾಗುತ್ತಿದ್ದದ್ದು ಅಷ್ಟೇ. ಅವರಿಗೂ ನಾಲ್ಕು ಸಣ್ಣದಲ್ಲ, ಇದರಲ್ಲಿ ಮೋಸವೇನಿದೆ ಎಂದು ಬಸ್ಸಿನಲ್ಲಿ ನನಗೆ ನಾನೇ ಹತ್ತಾರು ಸಲ ಹೇಳಿಕೊಂಡಿದ್ದೆ.

ಅವರು ಕಣ್ಣಿನ ಗಾಜು ತೆಗೆದು ಕೆಳಗಿಟ್ಟರು. ಖುಷಿಯಾಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಿಳಿಚಿಕೊಂಡಿತು.

"ಇದು ನಂದಲ್ಲ ಮೇಷ್ಟ್ರೇ."

ಮೂವತ್ತು ವರ್ಷದ ಹಿಂದೆ, ಅಂಗಡಿ ಹಾಕಿದ ಹೊಸದರಲ್ಲಿ, ಬಸ್ಸಿಳಿದು ಬಂದ ಒಬ್ಬಾತ ಅದನ್ನು ಕೊಟ್ಟಿದ್ದನಂತೆ. ಮುಳ್ಳು ತಿರುಗಿಸುವ ತಿರುಪು ಮುರಿದು ಒಳಗೆ ನೀರು ಹೋಗಿತ್ತು. ಎಂಟು ದಿನ ಬಿಟ್ಟು ಬರುತ್ತೇನೆ ಎಂದು ಹೋದವನು ಬರಲೇ ಇಲ್ಲ. ಕೈಯ ಅಲುಗಾಟದಿಂದಲೇ ಓಡುವ ವಾಚು ಅದು. ಇಟ್ಟರೆ ನಿಲ್ಲುತ್ತದೆ, ಬಹಳ ಕಾಲ ನಿಂತರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತದೆ. ಅದಕ್ಕೆಂದು ಕಟ್ಟಿಕೊಂಡದ್ದು.

"ನಿಮ್ಮೂರಿನೋರೇ," ಎಂದು ಹಳೆಯ ಪುಸ್ತಕವೊಂದನ್ನು ತೆಗೆದು ತೋರಿಸಿದರು. ಒಂದು ಹೆಸರು, ಮುಂದೆ 'ಮೊಳಕಾಲ್ಮೂರು, ರೇಷ್ಮೆ' ಎಂದು ಅವರದೇ ದುಂಡನೆಯ ಅಕ್ಷರ. "ಕಂಡಕ್ಟರ್ ಕೈಲಿ ಎರಡು ಸಲ ಹೇಳಿ ಕಳಿಸಿದ್ದೆ. ಆ ಹೆಸರಿನೋರು ಕೇರಿಗೆ ಹತ್ತು ಮಂದಿ ಅದಾರೆ ಅಂದ. ನೀವು ಒಂದ್ಸಲ ವಿಚಾರಿಸ್ರಿ, ಮೇಷ್ಟ್ರೇ."

ಆಯಿತು ಎಂದೆ. ವಿಚಾರಿಸಲಿಲ್ಲ. ಒಂದು ವಾರದ ಮೇಲೆ ಹೋಗಿ, "ಕೇಳಿದೆ, ಯಾರಿಗೂ ಗೊತ್ತಿಲ್ಲ ಅಂತಾರೆ," ಎಂದು ಸುಳ್ಳು ಹೇಳಿದೆ. ವಾರಸುದಾರ ಇಲ್ಲವೆಂದು ಖಚಿತವಾದರೆ ಒಂದಲ್ಲ ಒಂದು ದಿನ ಅವರು ನನಗೇ ಕೊಡುತ್ತಾರೆ ಎಂಬುದು ನನ್ನ ಲೆಕ್ಕ.

ಆದರೆ ನನ್ನ ಆ ಒಂದು ಮಾತು ಅವರೊಳಗೆ ಏನು ಮಾಡಿತು ಎಂಬುದನ್ನು ನಾನು ದಿನವೂ ಕಣ್ಣಾರೆ ನೋಡಬೇಕಾಯಿತು. ಮೊದಲು ಅವರ ಅರ್ಧ ತೋಳಿನ ಅಂಗಿ ಹೋಗಿ ತುಂಬು ತೋಳು ಬಂತು. ಆ ಬಿಸಿಲಿನಲ್ಲಿ, ತಗಡಿನ ಸೂರಿನ ಕೆಳಗೆ, ಗುಂಡಿ ಹಾಕಿದ ತೋಳು. ಬಳಿಕ ಕೈಯಲ್ಲಿ ವಾಚೇ ಇಲ್ಲ. ಮಣಿಕಟ್ಟಿನಲ್ಲಿ ಅದಿದ್ದ ಜಾಗ ಮಾತ್ರ ಬೆಳ್ಳಗೆ, ಬೇರೆ ಯಾರದೋ ಚರ್ಮದಂತೆ. ಮನೆಯಲ್ಲಿ ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದೇನೆ ಎಂದರು. ಎರಡು ದಿನಕ್ಕೆ ಮತ್ತೆ ತಂದರು: ಹೆಂಡತಿ ಸಂತೆಗೆ ಹೋದರೆ ಮನೆ ಖಾಲಿ. ಆಮೇಲೆ ಸೊಂಟದ ಪಟ್ಟಿಯಲ್ಲಿ ಕಟ್ಟಿಕೊಂಡರು. ಅಂಗಡಿಯ ಮುಂದೆ ಬೈಕು ನಿಂತರೆ ಕೈ ಸೊಂಟಕ್ಕೆ ಹೋಗುತ್ತಿತ್ತು. ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುತ್ತಿದ್ದ ಆ ಕೈ ಈಗ ಚಿಮಟ ಕೆಳಗೆ ಬೀಳಿಸುತ್ತಿತ್ತು. ಹಾಗೆ ಬಿದ್ದ ಒಂದು ಮೊಳೆಯನ್ನು ನಾವಿಬ್ಬರೂ ನೆಲದ ಮೇಲೆ ಕೂತು ಹುಡುಕಿದ ಸಂಜೆ... ಅದು ಸಿಗಲೇ ಇಲ್ಲ.

ನಾನು ಹೋದ ಕೂಡಲೇ ಕೇಳುವ ಮೊದಲ ಮಾತೂ ಬದಲಾಗಿತ್ತು.

"ಇವತ್ತು ಎಷ್ಟಾಗೈತೆ?"

"ಸ್ವಲ್ಪ ಏರೈತೆ ಅಣ್ಣ. ನಾಲ್ಕೂ ಕಾಲು."

ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬೆಲೆ ಏರಿದರೆ ಹಿಗ್ಗುವವರನ್ನು ಮಾತ್ರ ಕಂಡಿದ್ದ ನನಗೆ ಅದು ಅರ್ಥವಾಗಿರಲಿಲ್ಲ. ಒಂದು ದಿನ ಅವರೇ ಬಿಡಿಸಿ ಹೇಳಿದರು. "ಅವತ್ತು ಅದು ಎರಡು ಮೂರು ಸಾವಿರದ ವಾಚು ಅಂದ್ಕಂಡಿದ್ದೆ. ಕಳೆದ್ರೆ ಹೆಂಗಾರ ಮಾಡಿ ಕೊಟ್ಬಿಡಬೋದು ಅಂತ ಧೈರ್ಯವಿತ್ತು. ಈಗ ಕಳೆದ್ರೆ ನನ್ನ ಮನೆ ಮಾರಿದ್ರೂ ಸಾಲದು. ನೀವು ಏರೈತೆ ಅಂದಾಗೆಲ್ಲಾ ನನ್ನ ತಲಿ ಮ್ಯಾಲೆ ಇನ್ನೊಂದು ಕಲ್ಲು ಇಟ್ಟಂಗೆ ಆಗ್ತೈತೆ."

ಹಾಗೆ ಹೇಳಿದ ಮೇಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅದಕ್ಕಿಂತ ಹೆಚ್ಚಿನ ತಪ್ಪೊಂದು ಅಷ್ಟರಲ್ಲಿ ನನ್ನಿಂದ ಆಗಿಹೋಗಿತ್ತು. ಇದು ನಿಜಕ್ಕೂ ಎಂಟು ಲಕ್ಷದ್ದೇ ಎಂದು ಖಾತ್ರಿ ಮಾಡಿಕೊಳ್ಳಲು, ವಾಚು ನನ್ನ ಕೈಯಲ್ಲಿದ್ದಾಗ ತೆಗೆದ ಫೋಟೊವನ್ನು ಗುಂಪಿಗೆ ಹಾಕಿದ್ದೆ. ಎಲ್ಲಿಯದು ಎಂದು ಒಬ್ಬ ಕೇಳಿದ. ಚಳ್ಳಕೆರೆಯ ಒಬ್ಬ ಹಳೆಯ ರಿಪೇರಿಯವರದು ಎಂದು ಬರೆದಿದ್ದೆ. ನನಗೆ ಅಂಥವರ ಪರಿಚಯವಿದೆ ಎಂದು ತೋರಿಸಿಕೊಳ್ಳುವ ಜಂಬ, ಅಷ್ಟೇ.

ಒಂದು ಸಂಜೆ ಹೋದಾಗ ಅಂಗಡಿಯ ಮುಂದೆ ಬೆಂಗಳೂರು ನಂಬರಿನ ಬಿಳಿ ಕಾರು ನಿಂತಿತ್ತು. ಇಬ್ಬರು. ಒಬ್ಬ ನನ್ನ ಜಾಗದಲ್ಲಿ ಕೂತಿದ್ದ, ಇನ್ನೊಬ್ಬ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ. ಕೂತವನು ಬಹಳ ಮೆದುವಾಗಿ ಮಾತಾಡುತ್ತಿದ್ದ.

"ಯಜಮಾನ್ರೇ, ತೋರಿಸೋಕೆ ಏನಂತೆ? ಒಂಬತ್ತು ಲಕ್ಷ ತಂದಿದೀವಿ, ಈಗಲೇ ಕೊಡ್ತೀವಿ. ಕಾಗದ ಇಲ್ಲದ ಮಾಲಿಗೆ ಇಷ್ಟು ಯಾರೂ ಕೊಡಲ್ಲ. ನಾಳೆ ಮಾರ್ಕೆಟ್ ಬಿದ್ದರೆ ನಾವು ಬರಲ್ಲ."

"ಒಂಬತ್ತಾ?" ಎಂದರು ವಾಚಿನಣ್ಣ.

ಅವರು ಆ ಮನುಷ್ಯನನ್ನು ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದವನ ಭುಜದ ಮೇಲಿಂದ ನನ್ನನ್ನು ನೋಡಿದರು. ಕೋಪವಿದ್ದಿದ್ದರೆ ಒಳ್ಳೆಯದಿತ್ತು. ಏನೋ ಕೇಳಿಸಿತು, ಸರಿಯಾಗಿ ಕೇಳಿಸಿತೋ ಇಲ್ಲವೋ ಎನ್ನುವವರ ನೋಟ ಅದು. ನಾನು ರಸ್ತೆಯ ಕಡೆ ತಿರುಗಿದೆ.

"ಅದು ಇಲ್ಲಿಲ್ಲ. ನಂದೂ ಅಲ್ಲ," ಎಂದು ಅವರು ಹೇಳುವುದು ಕೇಳಿಸಿತು. ಬಾಗಿಲಲ್ಲಿದ್ದವನು ನಕ್ಕ. "ನಿಮ್ದಲ್ಲ ಅಂದ್ರೆ ಯಾರದ್ದು? ಅದನ್ನ ಪೊಲೀಸ್ನೋರು ಕೇಳಿದ್ರೆ ಏನ್ ಹೇಳ್ತೀರಿ?" ಕೂತವನು ಅವನನ್ನು ಸುಮ್ಮನಿರಿಸಿ ಎದ್ದ. ಶುಕ್ರವಾರ ಮತ್ತೆ ಬರುತ್ತೇವೆ, ಯೋಚನೆ ಮಾಡಿಟ್ಟಿರಿ ಎಂದು ಹೋದರು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ವಾಚಿನಣ್ಣ ಕೇಳಿದರು: "ನೀವು ಅರ್ಧ ಯಾಕೆ ಹೇಳಿದ್ರಿ, ಮೇಷ್ಟ್ರೇ?"

"ಪೂರ್ತಿ ಹೇಳಿದ್ರೆ ನೀವು ಹೆದರ್ತೀರಿ ಅಂತ."

ಅವರು ತಲೆಯಾಡಿಸಿದರು. "ಹೌದು. ಹೆದರ್ತಿದ್ದೆ."

ನಂಬಿದರು ಎಂದೇ ಅಂದುಕೊಂಡೆ. ಆ ಸುಳ್ಳು ಅಷ್ಟು ಸಲೀಸಾಗಿ ನನ್ನ ಬಾಯಿಂದ ಬಂದದ್ದಕ್ಕೆ ನನಗೇ ನನ್ನ ಮೇಲೆ ಭಯವಾಯಿತು.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವಾಗ ನೋಡಿದರೆ ಅವರು ಅಂಗಡಿಯ ಬೀಗದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಬೀಗದ ಬಾಯಿಯ ಸುತ್ತ ಹೊಸ ಗೀರುಗಳು. ಒಳಗಿಂದ ಏನೂ ಕಳುವಾಗಿರಲಿಲ್ಲ. ಹಳೆಯ ಬೀಗ, ಕತ್ತಲಲ್ಲಿ ನಾನೇ ಕೀಲಿ ತಪ್ಪಾಗಿ ಹಾಕಿ ಗೀರಿರಬೇಕು ಎಂದು ಅವರೇ ಅಂದರು. ಅನ್ನುತ್ತಲೇ ಬೆರಳಿನಿಂದ ಆ ಗೀರುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಹೆಂಡತಿ ರಸ್ತೆಯ ಆಚೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಆ ದಿನ ಪಾಠ ಮಾಡಲು ನನ್ನಿಂದ ಆಗಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೋದೆ.

ಅವ್ವ ಮಗ್ಗದಲ್ಲಿ ಕೂತಿದ್ದಳು. ಆ ಹೆಸರು ಹೇಳಿದೆ. ರೇಷ್ಮೆ ವ್ಯಾಪಾರ ಅಂತ ಬರೆದೈತೆ, ಮೂವತ್ತು ವರ್ಷದ ಹಿಂದಿನ ಮಾತು ಎಂದೆ. ಅವಳು ಲಾಳಿ ನಿಲ್ಲಿಸಲೂ ಇಲ್ಲ.

"ಬೊಂಬಾಯಿಗೆ ಸೀರೆ ಒಯ್ತಿದ್ನಲ್ಲ, ಅವ್ನಾ? ದಾರಿಯಾಗೇ ಎದೆ ಹಿಡ್ಕಂಡು ಸತ್ತ. ಹೆಂಡ್ತಿ ಅದಾಳೆ ನೋಡು, ಹಿಂದ್ಲ ಕೇರಿಯಾಗೆ. ಯಾಕೆ?"

ಒಂದು ಪ್ರಶ್ನೆ, ಒಂದು ಉತ್ತರ. ನಾಲ್ಕು ತಿಂಗಳು ಆ ಮನುಷ್ಯ ಕಲ್ಲು ಹೊತ್ತಂತೆ ಬದುಕಿದ್ದು ನಾನು ಈ ಒಂದು ಪ್ರಶ್ನೆ ಕೇಳದೆ ಇದ್ದದ್ದಕ್ಕೆ.

ಅವ್ವನನ್ನು ಕೇಳಿದೆ, ವಾರಸುದಾರರು ಸಿಕ್ಕರು ಎಂದಷ್ಟೇ ಹೇಳಿ ಗುರುವಾರ ಅವರನ್ನು ಕರೆದುಕೊಂಡು ಹೊರಟೆ. ಕಾರು ಮಾಡೋಣವೆಂದರೂ ಬಸ್ಸೇ ಆಗಬೇಕೆಂದರು. ಜನರ ನಡುವೆ ಇರೋಣ ಎಂದು. ಕಿಟಕಿಯ ಪಕ್ಕ ನನ್ನನ್ನು ಕೂರಿಸಿ, ತಾವು ಒಳಗೆ ಸರಿಯದೆ, ಎರಡೂ ಕೈ ಸೊಂಟದ ಮೇಲಿಟ್ಟು ಕೂತರು. ತಳಕು ದಾಟುವಾಗ ಹಿಂದೆ ಬಿಳಿ ಕಾರೊಂದು ಕಂಡಿತು. ಬಸ್ಸು ನಿಂತಲ್ಲಿ ಅದು ನಿಂತಿತು, ಹೊರಟಾಗ ಹೊರಟಿತು. ನಾನು ಹೇಳದಿದ್ದರೂ ಅವರು ನನ್ನ ಮುಖ ನೋಡಿಯೇ ತಿಳಿದುಕೊಂಡರು. ಹೆಗಲ ಮೇಲಿನ ಟವೆಲು ತೆಗೆದು ಸೊಂಟದ ಮೇಲಿನ ಕೈಗಳಿಗೆ ಹೊದಿಸಿಕೊಂಡರು. ಹಾನಗಲ್ ಕ್ರಾಸಿನಲ್ಲಿ ನಮ್ಮ ಬಸ್ಸು ಬಲಕ್ಕೆ ತಿರುಗಿತು. ಕಾರು ನೇರ ಬಳ್ಳಾರಿಯ ಕಡೆ ಹೋಯಿತು. ಅದರ ಹಿಂದಿನ ಸೀಟಿನಲ್ಲಿ ಯಾರೋ ಹೆಂಗಸು ಮಗುವಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಆ ಮನೆಯಲ್ಲಿ ಎರಡು ಮಗ್ಗ, ಒಂದು ನಿಂತದ್ದು. ಮುದುಕಿ ಜಗಲಿಯಲ್ಲಿ ಕೂತು ನೂಲು ಬಿಡಿಸುತ್ತಿದ್ದರು. ನನ್ನನ್ನು ಗುರುತು ಹಿಡಿದು, "ರಾ ನಾಯನಾ, ಕೂಚೋ," ಎಂದು ತೆಲುಗಿನಲ್ಲೇ ಕೂರಲು ಹೇಳಿ ಚಾಪೆ ತೋರಿಸಿದರು. ಮಗ, ನನ್ನ ವಯಸ್ಸಿನವನೇ, ಒಳಗಿಂದ ಬಂದು ನಿಂತ. ವಾಚಿನಣ್ಣ ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಸೊಂಟದ ಪಟ್ಟಿ ಬಿಚ್ಚಿ, ಬಟ್ಟೆ ಬಿಡಿಸಿ, ವಾಚನ್ನು ಮುದುಕಿಯ ಮುಂದಿಟ್ಟರು. ಎಲ್ಲವನ್ನೂ ಹೇಳಿದರು.

ಮುದುಕಿಗೆ ವಾಚಿನ ಗುರುತು ಹತ್ತಲಿಲ್ಲ. ಗಂಡ ಬೊಂಬಾಯಿಯ ಸೇಟು ಒಬ್ಬನಿಂದ ಏನೋ ತಂದಿದ್ದೇನೆ, ರಿಪೇರಿಗೆ ಕೊಟ್ಟಿದ್ದೇನೆ ಎಂದದ್ದು ಮಾತ್ರ ನೆನಪಿತ್ತು. ಆ ವಾರದಲ್ಲೇ ತೀರಿಕೊಂಡಿದ್ದರು.

ಮಗ ವಾಚನ್ನು ಎತ್ತಿಕೊಂಡ. "ಮೂವತ್ತು ವರ್ಷ ಕೈಗೆ ಕಟ್ಕಂಡು ತಿರುಗಿ ಈಗ ತರ್ತಿದೀಯಾ?" ಎಂದ. "ಯಾರಾದ್ರೂ ಹಿಡ್ಕಂಡ್ರಾ?"

ವಾಚಿನಣ್ಣ ಇಷ್ಟು ದಿನ ಹೆದರಿದ್ದರಲ್ಲಿ ಈ ಮಾತೂ ಒಂದಿರಬೇಕು. ಅವರು ತಲೆ ಬಗ್ಗಿಸಲಿಲ್ಲ.

"ಎರಡು ಸಲ ಹೇಳಿ ಕಳಿಸಿದ್ದೆ. ಆಮ್ಯಾಲೆ ಸುಮ್ನಾದೆ. ಅದು ಕೈಗೆ ಒಗ್ಗಿಹೋತು. ಅದು ನನ್ನ ತಪ್ಪೇ."

"ಒಳಗೆ ಎಲ್ಲಾ ಇದರದ್ದೇ ಐತಾ? ಬದಲು ಮಾಡಿಲ್ಲ ತಾನೆ?"

"ತಿರುಪು ನಾನು ಹಾಕಿದ್ದು. ಕಂಪನಿದಲ್ಲ. ಅದರಿಂದ ಬೆಲೆ ಸ್ವಲ್ಪ ಇಳೀತೈತೆ."

"ಹಳೇದು ಎಲ್ಲಿ?"

ವಾಚಿನಣ್ಣ ಅಂಗಿಯ ಜೇಬಿನಿಂದ ಹೋಮಿಯೋಪಥಿ ಮಾತ್ರೆಯ ಪುಟ್ಟ ಬಾಟಲಿಯೊಂದನ್ನು ತೆಗೆದರು. ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ, ಮುರಿದು ತುಕ್ಕು ಹಿಡಿದ ಸ್ಟೀಲಿನ ತುಣುಕು. "ಕೆಟ್ಟಿದ್ದೂ ನಿಮ್ಮದೇ," ಎಂದು ಅದನ್ನು ಮುದುಕಿಯ ಮುಂದಿಟ್ಟರು.

ಮಗ ಕೈಯಲ್ಲಿದ್ದ ವಾಚನ್ನು ಅದರ ಪಕ್ಕದಲ್ಲಿ ಇಟ್ಟುಬಿಟ್ಟ. ಮುದುಕಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಇದು ಎಷ್ಟು ಬಾಳ್ತೈತೆ?" ಎಂದರು.

ಜಗಲಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ವಾಚಿನಣ್ಣ ಒಬ್ಬರು ಮಾತ್ರ ನೋಡಲಿಲ್ಲ. ನಿಂತುಹೋದ ಮಗ್ಗದ ಕಡೆ ಮುಖ ಮಾಡಿದ್ದರು. "ಒಂಬತ್ತು ಲಕ್ಷ," ಎಂದೆ. "ಅವಸರ ಮಾಡಬ್ಯಾಡ್ರಿ. ಮೂರು ಕಡೆ ಕೇಳಿ. ಮನೆಗೆ ಬಂದು ಕೇಳೋರಿಗೆ ಕೊಡಬ್ಯಾಡ್ರಿ. ತಿರುಪಿನ ವಿಷಯ ಮೊದಲೇ ಹೇಳಿಬಿಡ್ರಿ." ಮುದುಕಿಯ ಕೈ ವಾಚಿನಿಂದ ಹಿಂದೆ ಸರಿಯಿತು. ಬಿಸಿ ಪಾತ್ರೆ ಮುಟ್ಟಿದವರ ಹಾಗೆ. ಆ ಮನೆಯೊಳಗೂ ಹೆದರಿಕೆ ಕಾಲಿಡುವುದನ್ನು ನಾನು ನೋಡಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ತೋಳು ಮಡಚಿದ್ದರು, ಗಾಳಿಗೆ ಮುಖ ಕೊಟ್ಟಿದ್ದರು. ಎಷ್ಟೋ ತಿಂಗಳ ಮೇಲೆ ಅವರ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ನನ್ನ ಮನಸ್ಸೂ ಹಗುರವಾಗುತ್ತಿತ್ತು. ತಳಕು ಬರುವಷ್ಟರಲ್ಲಿ ಅವರು ಹೊರಗೆ ನೋಡುತ್ತಲೇ ಕೇಳಿದರು.

"ನಿಮ್ಮವ್ವನ್ನ ಮೊದ್ಲು ಕೇಳೇ ಇರ್ಲಿಲ್ಲ ಅಲ್ವಾ?"

"ಇಲ್ಲ," ಎಂದೆ.

ಚಳ್ಳಕೆರೆಯಲ್ಲಿ ಇಳಿದ ಮೇಲೆ, "ಬರ್ತೀನಿ ಮೇಷ್ಟ್ರೇ," ಎಂದು ಕಾಲೆಳೆಯುತ್ತಾ ಹೋದರು. ಹಿಂದೆ ಓಡಿ ಹೋಗಿ ಹೇಳಬೇಕಿತ್ತು. ಏನೆಂದು ಹೇಳುವುದು... ನಿಲ್ದಾಣದಲ್ಲೇ ನಿಂತಿದ್ದೆ.

ಶುಕ್ರವಾರ ಆ ಇಬ್ಬರು ಬಂದರಂತೆ. ಇಲ್ಲವೆಂದು ತಿಳಿದು ಹೋದರಂತೆ. ಅದನ್ನು ಹೋಟೆಲಿನವನು ಹೇಳಿದ. ಮೊಳಕಾಲ್ಮೂರಿನವರು ಆರು ತಿಂಗಳು ಕಾದು ಮಾರಿದರು. ಅಷ್ಟರಲ್ಲಿ ಬೆಲೆಗಳು ಇಳಿಯತೊಡಗಿದ್ದವು. ಏಳು ಚಿಲ್ಲರೆ ಬಂತಂತೆ. ಆ ಆರು ತಿಂಗಳು ಮುದುಕಿ ಮನೆ ಬಿಟ್ಟು ಯಾರ ಮದುವೆಗೂ ಹೋಗಲಿಲ್ಲ ಎಂದು ಅವ್ವ ಹೇಳಿದಳು. ನಾನು ಗುಂಪುಗಳಿಂದ ಹೊರಬಂದೆ. ಕೈಯಲ್ಲಿದ್ದ ಒಂದು ವಾಚನ್ನು ನಷ್ಟಕ್ಕೇ ಕೊಟ್ಟೆ.

ಅಂಗಡಿಗೆ ಹೋಗುವುದನ್ನು ನಾನು ಬಿಡಲಿಲ್ಲ. ಅವರೂ ಬರಬೇಡಿ ಎನ್ನಲಿಲ್ಲ. ಚಹಾ ತರಿಸುತ್ತಿದ್ದರು, ಮಳೆ ಬೆಳೆ ಕೇಳುತ್ತಿದ್ದರು. ಆದರೆ ಬೆನ್ನು ಬಿಚ್ಚಿದ ವಾಚನ್ನು ನನ್ನ ಕಡೆ ಸರಿಸಿ, ನೋಡ್ರಿ ಮೇಷ್ಟ್ರೇ, ಎಂದು ಗಾಜು ಕೊಡುತ್ತಿದ್ದದ್ದು ನಿಂತುಹೋಯಿತು. ಅದನ್ನು ಅವರು ಬೇಕೆಂದು ಮಾಡಿದರೆಂದು ನನಗೆ ಅನ್ನಿಸುವುದಿಲ್ಲ. ಕೈ ತಾನಾಗಿ ಮಾಡುತ್ತಿದ್ದದ್ದನ್ನು ತಾನಾಗಿ ಬಿಟ್ಟಿತು. ಒಂದೂವರೆ ವರ್ಷ ಹಾಗೆಯೇ ನಡೆಯಿತು. ನಾಳೆ ಎಲ್ಲ ಹೇಳಿಬಿಡುತ್ತೇನೆ ಎಂದು ದಿನವೂ ಬಸ್ಸು ಹತ್ತುತ್ತಿದ್ದೆ. ಬೇಸಿಗೆ ರಜೆಯಲ್ಲಿ ನಾನು ಊರಲ್ಲಿದ್ದಾಗ ಅವರಿಗೆ ಕಾಮಾಲೆಯಾಗಿ, ಹತ್ತೇ ದಿನದಲ್ಲಿ ಹೋಗಿಬಿಟ್ಟರು. ತಿಳಿಯುವಷ್ಟರಲ್ಲಿ ಸಮಾಧಿಗೆ ಎರೆಯುವ ಹಾಲುತುಪ್ಪವೂ ಮುಗಿದಿತ್ತು. ಅವರ ಹೆಂಡತಿ ಕುದಾಪುರದ ಹತ್ತಿರದ ತವರಿಗೆ ಹೋದರು. ಸಂದಿಯಲ್ಲಿ ಈಗ ಗೊಬ್ಬರದ ಚೀಲ ಪೇರಿಸಿದ್ದಾರೆ.

ಮೊನ್ನೆ ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಸ್ಟಾಫ್ ರೂಮಿಗೆ ಬಂದರು. ಅವರ ಮಾವ ಮಸ್ಕತ್ತಿನಲ್ಲಿ ದುಡಿದು ಬಂದವರು. ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಒಂದು ವಾಚು ಸಿಕ್ಕಿತಂತೆ. ಯಾರೋ ಎಂಬತ್ತು ಸಾವಿರಕ್ಕೆ ಕೇಳುತ್ತಿದ್ದಾರೆ, ಕೊಡಲೇ ಎಂದರು. ಕರವಸ್ತ್ರ ಬಿಡಿಸಿ ನೋಡಿದೆ. ಕಂಡಷ್ಟನ್ನು ಕಂಡ ಹಾಗೆ ಹೇಳಿದೆ. ಒಳಗೂ ಇದರದ್ದೇ ಆಗಿದ್ದರೆ ಮೂರು ಲಕ್ಷಕ್ಕೆ ಕಡಿಮೆಯಿಲ್ಲ ಎಂದೆ. ಅವರ ಮುಖದಲ್ಲಿ ಮೊದಲು ನಗು ಬಂತು, ಕೂಡಲೇ ಅದು ಹೋಯಿತು. ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಕರವಸ್ತ್ರವನ್ನು ಎರಡು ಸುತ್ತು ಹೆಚ್ಚು ಸುತ್ತಿ ಒಳಜೇಬಿಗೆ ಇಟ್ಟುಕೊಂಡರು.

"ಒಳಗೆ ಬಿಚ್ಚಿ ನೋಡ್ಬೇಕಲ್ಲ ಮೇಷ್ಟ್ರೇ. ನಂಬಿ ಯಾರ ಕೈಗೆ ಕೊಡ್ಲಿ?" ಎಂದು ಕೇಳಿದರು.

ಚಳ್ಳಕೆರೆಯ ರಸ್ತೆಗಳೆಲ್ಲ ಒಮ್ಮೆ ಕಣ್ಣ ಮುಂದೆ ಹಾದುಹೋದವು. ಯಾರೂ ಇಲ್ಲ ಎಂದೆ.